ಸೋರಿಯಾಸಿಸ್ ಮತ್ತು ಸಸ್ಯೌಷಧ: ಹೆಸರುಗಳ ಸಮಸ್ಯೆ

ಪುಣೆಯ ಭಾಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದಂತಹ (ಸ್ಥಾಪನೆ 1917) ಸಂಸ್ಥೆಗಳಲ್ಲಿ ವೈದ್ಯಕ ಹಸ್ತಪ್ರತಿಗಳನ್ನು ನೋಡುವ ವಿದ್ವಾಂಸರಲ್ಲಿ ಒಂದು ಪ್ರಶ್ನೆ ಸಹಜವಾಗಿ ಏಳುತ್ತದೆ: ಇಂದು ಸೋರಿಯಾಸಿಸ್ ಎನ್ನಿಸಿಕೊಳ್ಳುವ ಚರ್ಮರೋಗಕ್ಕೆ ಹಳೆಯ ಗ್ರಂಥಗಳಲ್ಲಿ ಸಸ್ಯೌಷಧವಿದೆಯೆ? ಇದಕ್ಕೆ ಉತ್ತರ ಹೇಳುವ ಮೊದಲು ರೋಗದ ಹೆಸರು ಮತ್ತು ಗಿಡದ ಹೆಸರು ಎಂಬ ಎರಡು ತೊಡಕುಗಳನ್ನು ಬಿಡಿಸಬೇಕಾಗುತ್ತದೆ.

ಮೊದಲನೆಯದು ರೋಗದ ಹೆಸರು. ಚರಕಸಂಹಿತೆಯು ಕುಷ್ಠವನ್ನು 18 ಬಗೆಯಾಗಿ ವಿಂಗಡಿಸುತ್ತದೆ; 7 ಮಹಾಕುಷ್ಠಗಳು, 11 ಕ್ಷುದ್ರಕುಷ್ಠಗಳು. ಬೆವರಿಲ್ಲದೆ ವಿಸ್ತಾರವಾಗಿ ಹಬ್ಬಿ ಮೀನಿನ ಹುರುಪೆಯಂತೆ ಕಾಣುವುದು ಏಕಕುಷ್ಠ. ಕಪ್ಪಗೆ, ಗಾಯದ ಕಲೆಯಂತೆ ಒರಟಾಗಿರುವುದು ಕಿಟಿಭ. ಸೋರಿಯಾಸಿಸ್ಸನ್ನು ಆಯುರ್ವೇದದ ವಿದ್ವಾಂಸರು ಸಾಮಾನ್ಯವಾಗಿ ಇವೆರಡರೊಡನೆ ಹೋಲಿಸುತ್ತಾರೆ. ಇದು ಹೋಲಿಕೆಯೇ ಹೊರತು ಸಮೀಕರಣವಲ್ಲ.

ಪ್ರಾಚೀನರ 'ಕುಷ್ಠ' ಚರ್ಮರೋಗಗಳ ದೊಡ್ಡದೊಂದು ವರ್ಗದ ಹೆಸರು. ಇಂದಿನ ಕನ್ನಡ, ಮರಾಠಿಗಳಲ್ಲಾದರೋ ಕುಷ್ಠರೋಗವೆಂದರೆ ಸೂಕ್ಷ್ಮಾಣುವಿನಿಂದ ಬರುವ ಒಂದೇ ರೋಗ; ಆ ಸೂಕ್ಷ್ಮಾಣುವನ್ನು ಹ್ಯಾನ್ಸನ್ 1873ರಲ್ಲಿ ಗುರುತಿಸಿದನು. ಯುರೋಪಿನಲ್ಲಿಯೂ ಇದೇ ಗೊಂದಲವಿತ್ತು. ಸೋರಿಯಾಸಿಸ್ಸನ್ನು 'ಲೆಪ್ರಾ' ಎಂಬ ಹೆಸರಿನಿಂದ ಬಿಡಿಸಿದವನು ವಿಯೆನ್ನಾದ ಹೆಬ್ರಾ, 1841ರಲ್ಲಿ. ಸೋರಿಯಾಸಿಸ್ ದೇಹದ ರೋಗನಿರೋಧಕ ವ್ಯವಸ್ಥೆಯ ವ್ಯತ್ಯಯದಿಂದ ಉಂಟಾಗುವುದು, ಮುಟ್ಟಿದರೆ ಅಂಟುವುದಲ್ಲ. ಆದುದರಿಂದ ಹಳೆಯ ಪಾಠದ 'ಕುಷ್ಠ'ಕ್ಕೆ ಇಂದಿನ ಕುಷ್ಠರೋಗದ ಅರ್ಥವನ್ನೇ ಕೊಡುವ ಸಂಪಾದಕನು ನಿಘಂಟಿನ ತಪ್ಪೊಂದನ್ನು ಮಾತ್ರ ಮಾಡುವುದಿಲ್ಲ. ರೋಗಿಯ ಮೇಲೆ ಕಳಂಕವನ್ನೂ ಹೊರಿಸುತ್ತಾನೆ. 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ಕುಷ್ಠರೋಗವು ವಿಚ್ಛೇದನಕ್ಕೆ ಕಾರಣವಾಗಿ 2019ರವರೆಗೂ ಉಳಿದಿತ್ತೆಂಬುದನ್ನು ನೆನೆದರೆ ಈ ಶಬ್ದದ ಭಾರ ಅರಿವಾದೀತು.

ಎರಡನೆಯದು ಗಿಡದ ಹೆಸರು. ಕರ್ಣಾಟಕದ ಜೈನ ವೈದ್ಯಪರಂಪರೆಯಲ್ಲಿ ಸಸ್ಯಗಳಿಗೆ ವಿಶೇಷ ಸ್ಥಾನವುಂಟು. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯನು ತನ್ನ ಸಂಸ್ಕೃತ 'ಕಲ್ಯಾಣಕಾರಕ'ದಲ್ಲಿ ಮದ್ಯ ಮಾಂಸ ಮಧುಗಳನ್ನು ವರ್ಜಿಸಿದ್ದಾನೆ; ಈ ಗ್ರಂಥವು 1940ರಲ್ಲಿ ಸೊಲ್ಲಾಪುರದಿಂದ ಅಚ್ಚಾಯಿತು. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಕೃತಿಯನ್ನು 'ಕರ್ಣಾಟಕ ಕಲ್ಯಾಣಕಾರಕ'ವಾಗಿ ಕನ್ನಡಕ್ಕೆ ತಂದನು. ಇಂತಹ ಗ್ರಂಥಗಳನ್ನು ಓದುವಾಗ ಹೆಸರೊಂದು ಯಾವ ಮರವನ್ನು ಸೂಚಿಸುತ್ತದೆಂಬುದೇ ಪ್ರಶ್ನೆ.

ಕುಟಜವನ್ನು ನೋಡೋಣ. ಸಾಮಾನ್ಯವಾಗಿ ಇದು ಹೊಲರ್‍ಹೀನಾ. ಕನ್ನಡದ ಕೊಡಸಿಗೆ, ಮರಾಠಿಯ ಪಾಂಢರಾ ಕುಡಾ. ಇದರ ತೊಗಟೆ ಆಮಶಂಕೆಗೆ ಔಷಧ. ಇದನ್ನು ಹೋಲುವ ರೈಟಿಯಾ ಟಿಂಕ್ಟೋರಿಯಾ ಮರಕ್ಕೆ ಕನ್ನಡದಲ್ಲಿ ಬೆಪ್ಪಾಲೆ, ಹಾಲೆ ಎಂದೂ ಮರಾಠಿಯಲ್ಲಿ ಕಾಳಾ ಕುಡಾ ಎಂದೂ ಹೆಸರು. 'ಹಾಲೆ' ಎಂಬ ಮಾತು ಸಪ್ತಪರ್ಣಿಗೂ ಸಲ್ಲುತ್ತದೆ. ಮೂರೂ ಒಂದೇ ಕುಲದ, ಹಾಲೊಸರುವ ಮರಗಳು. ಮರಾಠಿಗರು ಮೊದಲೆರಡರ ಬೀಜಗಳನ್ನು ಕಡೂ ಇಂದ್ರಜವ, ಗೋಡ ಇಂದ್ರಜವ ಎಂದು ರುಚಿಯಿಂದಲೇ ಬೇರ್ಪಡಿಸಿರುವುದು ಗಮನಾರ್ಹ. ಸೋರಿಯಾಸಿಸ್ಸಿಗೆ ಸಿದ್ಧವೈದ್ಯರು ಬಳಸುವುದು ಬೆಪ್ಪಾಲೆಯ ಎಲೆಯನ್ನು. ಅದನ್ನು ತೆಂಗಿನೆಣ್ಣೆಯಲ್ಲಿ ನೆನೆಸಿ ಬಿಸಿಲಿಗಿಟ್ಟಾಗ ಎಣ್ಣೆ ನೇರಿಳೆ ಬಣ್ಣಕ್ಕೆ ತಿರುಗುತ್ತದೆ. ಈ ಎಲೆಯಿಂದ ನೀಲಿ ಬಣ್ಣ ತೆಗೆಯುವುದನ್ನು ರಾಕ್ಸ್‌ಬರೋ ಹದಿನೆಂಟನೆಯ ಶತಮಾನದ ಕೊನೆಗೇ ವರ್ಣಿಸಿದ್ದನು. ನೀಲಿಗಿಡಗಳಲ್ಲಿರುವ ಇಂಡಿರುಬಿನ್ ಎಂಬ ದ್ರವ್ಯ ಈ ಎಲೆಯಲ್ಲಿಯೂ ಉಂಟು. ನೀಲಿಯ ಲೇಪವು ಸೋರಿಯಾಸಿಸ್ಸನ್ನು ತಗ್ಗಿಸುವುದನ್ನು ತೈವಾನಿನ ವೈದ್ಯರು 2008ರಲ್ಲಿ ಪ್ರಕಟಿಸಿದರು. ಬೆಪ್ಪಾಲೆಯ ಎಣ್ಣೆಗಾದರೆ ಅಷ್ಟು ದೃಢವಾದ ಪ್ರಮಾಣ ಇನ್ನೂ ಒದಗಬೇಕಾಗಿದೆ.

ಪರೀಕ್ಷೆಗೆ ಒಳಪಟ್ಟು ಆಧುನಿಕ ವೈದ್ಯದೊಳಗೆ ಬಂದ ಸಸ್ಯದ್ರವ್ಯಕ್ಕೆ ಉದಾಹರಣೆ ಗೋವೆಯ ಪುಡಿ. ಬ್ರೆಜಿಲಿನ ಅರರೋಬಾ ಮರದ ಈ ಪುಡಿಯನ್ನು ಪೋರ್ಚುಗೀಸರು ಗೋವೆಗೆ ತಂದರು. ಮುಂಬಯಿಯಲ್ಲಿ ಇದು ಹುಳುಕಡ್ಡಿಗೆ ಮದ್ದಾಗಿತ್ತು. 1870ರ ದಶಕದಲ್ಲಿ ಲಂಡನ್ನಿನ ಬಾಲ್ಮನೊ ಸ್ಕ್ವಯರ್ ಇದನ್ನು ಸೋರಿಯಾಸಿಸ್ಸಿಗೆ ಬಳಸಿದನು. ಇದಕ್ಕೆ ಬದಲಾಗಿ 1916ರಲ್ಲಿ ಜರ್ಮನಿಯಲ್ಲಿ ರೂಪುಗೊಂಡ ಡೈಥ್ರನಾಲ್ ಚಿಕಿತ್ಸೆಯಲ್ಲಿ ನೆಲೆಗೊಂಡಿತು. ಬಾವಂಚಿ ಬೀಜದ ಸೋರಲೆನ್ ಬೇರೊಂದು ಉದಾಹರಣೆ. ಆ ಗುಂಪಿನ ಮೆಥಾಕ್ಸಾಲೆನ್ನನ್ನು ಅತಿನೇರಿಳೆ ಕಿರಣದೊಡನೆ ಕೊಡುವ ಚಿಕಿತ್ಸೆ 1974ರಲ್ಲಿ ಪ್ರಕಟವಾಯಿತು. ಆದರೆ ಬಾವಂಚಿಯನ್ನು ಅಳತೆಯಿಲ್ಲದೆ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಬೊಬ್ಬೆಯೇಳುತ್ತದೆ. ಸೇವಿಸಿದವರಲ್ಲಿ ಯಕೃತ್ತಿಗೆ ಹಾನಿಯಾದುದೂ ಉಂಟು. ಸಸ್ಯಜನ್ಯವೆಂದಮಾತ್ರಕ್ಕೆ ನಿರಪಾಯಕಾರಿಯೆಂದು ಭಾವಿಸಲಾಗದು.

ಹೊರನಾಡಿನ ಸಂಶೋಧಕಮಿತ್ರರಲ್ಲಿ ನಮ್ಮ ಸೂಚನೆಗಳು ಇಷ್ಟೆ. ರೋಗನಾಮವನ್ನು ಮೂಲದಲ್ಲಿದ್ದಂತೆಯೇ ಉಳಿಸಿ ಲಕ್ಷಣಗಳನ್ನು ಪ್ರತ್ಯೇಕವಾಗಿ ವಿವರಿಸಬೇಕು. ಗಿಡದ ಹೆಸರಿಗೆ ಕನ್ನಡ, ಮರಾಠಿ ರೂಪಗಳೆರಡನ್ನೂ ಕೊಟ್ಟು, ಪುಣೆಯ ಆಘಾರ್ಕರ್ ಸಂಶೋಧನ ಸಂಸ್ಥೆಯಂತಹ ಕಡೆ ಇರುವ ಒಣಸಸ್ಯ ಸಂಗ್ರಹದ ಮಾದರಿಯೊಡನೆ ತಾಳೆನೋಡಬೇಕು. ಹಸ್ತಪ್ರತಿಯ ಯೋಗವನ್ನು ಚಿಕಿತ್ಸೆಯೆಂದು ರೋಗಿಗೆ ಸೂಚಿಸುವುದು ನಮ್ಮ ಕೆಲಸವಲ್ಲ. ಅದು ವೈದ್ಯರ ಹೊಣೆ. ವೈದ್ಯರು ಪರೀಕ್ಷಿಸಲು ಹೊರಟಾಗ ಅವರ ಕೈಗೆ ಸರಿಯಾದ ಮರದ ಎಲೆ ಸಿಗುವಂತೆ ಪಾಠವನ್ನು ಶುದ್ಧಗೊಳಿಸಿಡುವುದು ನಮ್ಮ ಹೊಣೆಯಾಗಿದೆ.