ಗುಡ್ಡದ ದಾರಿಗೆ ಸೈಕಲ್ಲು

ಸೈಕಲ್ಲು ನೋಡದವರು ಯಾರಿದ್ದಾರೆ? ಎಲ್ಲರೂ ನೋಡಿದ್ದೇವೆ. ಆದರೆ ಎಲ್ಲರೂ ಹತ್ತಿಲ್ಲ. ಹತ್ತಿದವರೂ ಡಾಂಬರು ಮುಗಿದ ಕೂಡಲೆ ಇಳಿದುಬಿಡುತ್ತೇವೆ. ಮುಂದೆ ಕಲ್ಲು, ಮರಳು, ಏರು, ಕೊರಕಲು. "ಇಲ್ಲಿ ಸೈಕಲ್ಲು ಹೋಗೋದಿಲ್ಲ" ಅಂತೀವಿ. ತಳ್ಳಿಕೊಂಡು ನಡೆಯುತ್ತೇವೆ.

ಊರಿಂದ ಆಸ್ಪತ್ರೆ ಆರು ಕಿಲೋಮೀಟರ್ ದೂರ ಇದೆ ಅನ್ನಿ. ನಡೆದರೆ ಒಂದೂಕಾಲು ಗಂಟೆ ಬೇಕು. ಸೈಕಲ್ಲಾದರೆ ಮಣ್ಣಿನ ದಾರಿಯಲ್ಲೂ ಅರ್ಧ, ಮುಕ್ಕಾಲು ಗಂಟೆ ಸಾಕು. ಬಸ್ಸಿಗೆ ಕಾಯಬೇಕಿಲ್ಲ. ಗಂಡ ಬರಲಿ, ಮಗ ಬರಲಿ ಅಂತ ಬಾಗಿಲಲ್ಲಿ ಕೂರಬೇಕಿಲ್ಲ. ಪೆಟ್ರೋಲ್ ಬೇಡ. ಲೈಸೆನ್ಸ್ ಬೇಡ. ಎರಡು ವಿಷಯ ಮಾತ್ರ ಗೊತ್ತಿರಬೇಕು. ಕಲ್ಲುದಾರಿಯಲ್ಲಿ ಓಡಿಸುವುದು ಹೇಗೆ? ಸೈಕಲ್ಲನ್ನು ನಾವೇ ನೋಡಿಕೊಳ್ಳುವುದು ಹೇಗೆ?

"ಈ ವಯಸ್ಸಿಗೆ ಕಲಿಯೋಕಾಗುತ್ತಾ?" ಅಂತ ಕೆಲವರು ಕೇಳುತ್ತಾರೆ. ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯ ಹೆಂಗಸರನ್ನು ನೋಡಿ. ಅಲ್ಲಿ 1991ರಲ್ಲಿ ಅಕ್ಷರ ಕಲಿಸುವ ಆಂದೋಲನ ಶುರುವಾಯಿತು. ಅದರ ಹೆಸರು ಅರಿವೊಳಿ. ಅಂದರೆ ಅರಿವಿನ ಬೆಳಕು. ಆಗ ಜಿಲ್ಲಾಧಿಕಾರಿ ಆಗಿದ್ದವರು ಶೀಲಾ ರಾಣಿ ಚುಂಕತ್. ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿಸಿದರು. ಕೂಲಿ ಮಾಡುವವರು, ಕಲ್ಲು ಒಡೆಯುವವರು, ನರ್ಸಮ್ಮಂದಿರು, ಎಲ್ಲರೂ ಹತ್ತಿದರು. ಸುಮಾರು ಒಂದು ಲಕ್ಷ ಹೆಂಗಸರು ಕಲಿತರು. ಗಂಡಸರ ಸೈಕಲ್ಲೇ ಬೇಕು ಅಂದವರೂ ಇದ್ದರು. ಯಾಕೆ? ನಡುವಿನ ಬಾರಿನ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದು ಅಂತ.

ಇನ್ನು ಗುಡ್ಡದ ಸೈಕಲ್ಲು. ಇದು ಹುಟ್ಟಿದ್ದು ಅಮೆರಿಕದಲ್ಲಿ. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ತಮಾಲ್ಪಾಯಿಸ್ ಎಂಬ ಬೆಟ್ಟ ಇದೆ. 1970ರ ದಶಕದಲ್ಲಿ ಅಲ್ಲಿನ ಹುಡುಗರು ಹಳೇ ಗುಜರಿ ಸೈಕಲ್ಲು ತಂದರು. ದಪ್ಪ ಟೈರು, ಭಾರದ ಸೈಕಲ್ಲು. ಅದನ್ನು ಹತ್ತಿ ಮಣ್ಣಿನ ಇಳಿಜಾರಿನಲ್ಲಿ ಇಳಿಯುತ್ತಿದ್ದರು. 1976ರಲ್ಲಿ ಪಂದ್ಯವನ್ನೇ ಇಟ್ಟರು. ದಾರಿ ಸುಮಾರು ಎರಡು ಮೈಲಿ. ಆ ಸೈಕಲ್ಲಿಗೆ ಕೈ ಬ್ರೇಕು ಇರಲಿಲ್ಲ. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಚಕ್ರ ನಿಲ್ಲುತ್ತಿತ್ತು. ಕೆಳಗೆ ಬರುವ ಹೊತ್ತಿಗೆ ಚಕ್ರದ ನಡುವೆ ಇರುವ ಗ್ರೀಸು ಕಾದು ಹೊಗೆ ಬರುತ್ತಿತ್ತು. ಪ್ರತಿ ಸಲವೂ ಬಿಚ್ಚಿ ಹೊಸ ಗ್ರೀಸು ತುಂಬಬೇಕು. ಆ ಇಳಿಜಾರಿಗೆ ರೀಪ್ಯಾಕ್ ಎಂದೇ ಹೆಸರು ಬಿತ್ತು. ಮತ್ತೆ ತುಂಬು ಅಂತ ಅದರ ಅರ್ಥ. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸಿನಲ್ಲೂ ಗುಡ್ಡದ ಸೈಕಲ್ ಓಟ ಸೇರಿತು. ಗುಜರಿ ಸೈಕಲ್ಲು ಎಲ್ಲಿಗೆ ಹೋಯಿತು ನೋಡಿ!

ಆ ಹುಡುಗರ ಕಥೆಯಲ್ಲಿ ನಮಗೆ ಬೇಕಾದ ಪಾಠ ಒಂದಿದೆ. ಗುಡ್ಡದಲ್ಲಿ ಏರುವಾಗ ಬರೀ ಸುಸ್ತು. ಅಪಾಯ ಇರುವುದು ಇಳಿಯುವಾಗ. ಆಗ ಜೀವ ಇರುವುದು ಬ್ರೇಕಿನಲ್ಲಿ.

ಯಾವ ಸೈಕಲ್ಲು ತಗೊಳ್ಳಬೇಕು? ಮನೆಯಲ್ಲಿ ಹಳೇ ಕರೀ ಸೈಕಲ್ಲು ಇದ್ದರೆ ಅದರಲ್ಲೇ ಶುರು ಮಾಡಿ. ಅದು ಸುಮಾರು 20 ಕಿಲೋ ತೂಗುತ್ತೆ. ಆದರೆ ಗಟ್ಟಿ. ಮಣ್ಣಿನ ದಾರಿಗೆ ಆಗುತ್ತೆ. ಕಡಿದಾದ ಏರು ಇದ್ದರೆ ಗೇರ್ ಸೈಕಲ್ಲು ಸುಲಭ. ಅಂಗಡಿಯಲ್ಲಿ ಮುಂದೊಂದು ಹಿಂದೊಂದು ಸ್ಪ್ರಿಂಗ್ ಇರುವ ಸೈಕಲ್ಲು ಚೆಂದ ಕಾಣುತ್ತೆ. ಕಡಿಮೆ ಬೆಲೆಗೇ ಸಿಗುತ್ತೆ. ನಮ್ಮ ಮಾತು ಕೇಳುವುದಾದರೆ ಅದು ಬೇಡ. ಕಡಿಮೆ ಬೆಲೆಯ ಸ್ಪ್ರಿಂಗ್ ಭಾರ ಜಾಸ್ತಿ ಮಾಡುತ್ತೆ. ತುಳಿದ ಶಕ್ತಿಯಲ್ಲಿ ಸ್ವಲ್ಪವನ್ನು ಅದೇ ತಿಂದುಬಿಡುತ್ತೆ. ಅದೇ ದುಡ್ಡಿಗೆ ಸ್ಪ್ರಿಂಗ್ ಇಲ್ಲದ, ಒಳ್ಳೆ ಬ್ರೇಕಿನ ಸೈಕಲ್ಲು ತಗೊಳ್ಳಿ.

ಅಳತೆ ನೋಡಿಯೇ ತಗೊಳ್ಳಬೇಕು. ಬಾರಿನ ಎರಡೂ ಕಡೆ ಕಾಲಿಟ್ಟು ನಿಲ್ಲಿ. ಬಾರಿಗೂ ಮೈಗೂ ನಡುವೆ ಮೂರು ನಾಲ್ಕು ಬೆರಳು ಜಾಗ ಇರಬೇಕು. ಕಲ್ಲಿನ ದಾರಿಯಲ್ಲಿ ತಟ್ಟನೆ ಕಾಲೂರಿದಾಗ ಬಾರು ಬಡಿಯಬಾರದು ನೋಡಿ, ಅದಕ್ಕೆ. ಆಮೇಲೆ ಸೀಟು. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲಿನ ಮೇಲಿಡಿ. ಪೆಡಲು ಪೂರ್ತಿ ಕೆಳಗೆ ಹೋದಾಗ ಕಾಲು ನೆಟ್ಟಗಾಗಬೇಕು. ಅದೇ ಸರಿಯಾದ ಎತ್ತರ. ತೀರಾ ತಗ್ಗಿದ್ದರೆ ಮಂಡಿ ನೋವು ಬರುತ್ತೆ.

ಆದರೆ ಕಲಿಯುವಾಗ ಈ ಎತ್ತರ ಬೇಡ. ಸೀಟನ್ನು ಪೂರ್ತಿ ಇಳಿಸಿ. ಎರಡೂ ಪಾದ ನೆಲ ಮುಟ್ಟಬೇಕು. ಪೆಡಲುಗಳನ್ನೇ ಬಿಚ್ಚಿಟ್ಟರೆ ಇನ್ನೂ ಒಳ್ಳೇದು. ಬಿಚ್ಚುವಾಗ ಒಂದು ಜ್ಞಾಪಕ ಇರಲಿ. ಎಡಗಡೆ ಪೆಡಲಿನ ತಿರುಪು ಉಲ್ಟಾ ಇರುತ್ತೆ. ಗಡಿಯಾರದ ಮುಳ್ಳು ತಿರುಗಿದಂತೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತೆ. ಇದು ಗೊತ್ತಿಲ್ಲದೆ ಬಲ ಹಾಕಿ ತಿರುಪು ಹಾಳು ಮಾಡಿಕೊಳ್ಳುವವರು ಬಹಳ.

ಈಗ ಸ್ವಲ್ಪ ಇಳಿಜಾರಾದ ಬಯಲಿಗೆ ಹೋಗಿ. ಕಾಲಿನಿಂದ ನೆಲ ಒದ್ದುಕೊಂಡು ಮುಂದೆ ಸಾಗಿ. ಆಮೇಲೆ ಎರಡೂ ಕಾಲು ಎತ್ತಿ. ಬೀಳ್ತೀನಿ ಅನ್ನಿಸಿದಾಗ ಕಾಲೂರಿ. ಯಾವ ಕಡೆ ವಾಲಿತೋ ಆ ಕಡೆಗೇ ಹ್ಯಾಂಡಲ್ ತಿರುಗಿಸಿ. ಸೈಕಲ್ಲು ಎದ್ದು ನಿಲ್ಲುತ್ತೆ. ಹಿಂದಿನಿಂದ ಒಬ್ಬರು ಹಿಡಿದುಕೊಂಡು ಓಡಬೇಕಾಗಿಲ್ಲ. ಎರಡು ಮೂರು ದಿನದಲ್ಲಿ ತೂಕ ಬಂದುಬಿಡುತ್ತೆ. ಆಮೇಲೆ ಪೆಡಲು ಹಾಕಿ. ಸೀರೆ ಉಟ್ಟವರು ಸೆರಗನ್ನು ಸೊಂಟಕ್ಕೆ ಸಿಗಿಸಿಕೊಳ್ಳಿ. ದುಪಟ್ಟಾ ಇದ್ದರೆ ಗಂಟು ಹಾಕಿ. ಬಟ್ಟೆ ಹಿಂದಿನ ಚಕ್ರಕ್ಕೆ ಸಿಕ್ಕಿದರೆ ಒಂದೇ ಏಟಿಗೆ ಬೀಳಿಸುತ್ತೆ.

ಬಯಲಿನಲ್ಲಿ ಕಲಿತಾಯಿತು. ಇನ್ನು ಕಲ್ಲುದಾರಿ. ಇಲ್ಲಿ ಸೀಟಿಗೆ ಅಂಟಿ ಕೂರಬಾರದು. ಎರಡೂ ಪೆಡಲು ಒಂದೇ ಮಟ್ಟಕ್ಕೆ ತನ್ನಿ. ಅದರ ಮೇಲೆ ಸ್ವಲ್ಪ ಎದ್ದು ನಿಲ್ಲಿ. ಮಂಡಿ, ಮೊಣಕೈ ಬಾಗಿರಲಿ. ಆಗ ಕಲ್ಲಿನ ಏಟು ಕೈಕಾಲಿನಲ್ಲೇ ಇಳಿದುಹೋಗುತ್ತೆ, ಬೆನ್ನಿಗೆ ಬರೋದಿಲ್ಲ. ನಿಮ್ಮ ಮಂಡಿಯೇ ಒಳ್ಳೆ ಸ್ಪ್ರಿಂಗ್. ಅದಕ್ಕೆ ದುಡ್ಡು ಕೊಡಬೇಕಾ?

ಕಣ್ಣು ಎಲ್ಲಿರಬೇಕು? ಕಲ್ಲಿನ ಮೇಲೆ ಅಲ್ಲ. ಕಲ್ಲನ್ನೇ ನೋಡಿದರೆ ಸೈಕಲ್ಲು ಕಲ್ಲಿಗೇ ಹೋಗುತ್ತೆ. ಹತ್ತು ಹದಿನೈದು ಹೆಜ್ಜೆ ಮುಂದೆ, ಹೋಗಬೇಕಾದ ದಾರಿಯನ್ನು ನೋಡಿ. ಮರಳು ಬಂದರೆ ಹ್ಯಾಂಡಲ್ ಬಿಗಿಹಿಡಿದು ತಿರುಚಬೇಡಿ. ಹಗುರವಾಗಿ ಹಿಡಿದು ನೇರ ತುಳಿಯಿರಿ.

ಇಳಿಜಾರು ಬಂತು ಅನ್ನಿ. ಮೈಯನ್ನು ಹಿಂದಕ್ಕೆ ಸರಿಸಿ. ಎರಡೂ ಬ್ರೇಕು ಒಟ್ಟಿಗೆ ಮೆಲ್ಲಗೆ ಹಿಡಿಯಿರಿ. ಮುಂದಿನ ಬ್ರೇಕನ್ನು ತಟ್ಟನೆ ಗಟ್ಟಿಯಾಗಿ ಹಿಡಿದರೆ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಬೀಳುತ್ತೀರಿ. ಹಾಗಂತ ಮುಂದಿನ ಬ್ರೇಕೇ ಬೇಡ ಅನ್ನುವುದೂ ತಪ್ಪು. ಹಿಂದಿನದಕ್ಕಿಂತ ಅದಕ್ಕೇ ಬಲ ಜಾಸ್ತಿ. ಹೊಸ ಸೈಕಲ್ಲು ಹತ್ತುವಾಗ ಯಾವ ಕೈ ಯಾವ ಬ್ರೇಕು ಅಂತ ಮೊದಲು ಹಿಡಿದು ನೋಡಿ. ತಿರುವು ಬರುವ ಮುಂಚೆಯೇ ವೇಗ ಇಳಿಸಿ. ತಿರುವಿನ ನಡುವೆ ಬ್ರೇಕು ಹಿಡಿದರೆ ಜಲ್ಲಿಕಲ್ಲಿನಲ್ಲಿ ಜಾರುತ್ತೆ. ತಲೆಗೆ ಹೆಲ್ಮೆಟ್ ಇರಲಿ. ಇಂಥ ಇಳಿಜಾರಿನಲ್ಲಿ ಮಗುವನ್ನು ಬಾರಿನ ಮೇಲೆ ಕೂರಿಸಬೇಡಿ. ಇಳಿಸಿ ನಡೆಸಿ.

ಗೇರಿನ ಲೆಕ್ಕ ಸಣ್ಣದು. ಪೆಡಲಿನ ಹತ್ತಿರ ಚಿಕ್ಕ ಹಲ್ಲಿನ ಚಕ್ರ, ಹಿಂದೆ ದೊಡ್ಡದು. ಹೀಗಿದ್ದರೆ ತುಳಿಯಲು ಹಗುರ. ಇದು ಏರಿಗೆ. ತಿರುಗುಮುರುಗಾದರೆ ಭಾರ, ಅದು ಸಮನೆಲಕ್ಕೆ. ಏರು ಶುರುವಾಗುವ ಮುಂಚೆಯೇ ಬದಲಾಯಿಸಿ. ನಡು ಏರಿನಲ್ಲಿ ಬಲ ಹಾಕಿ ತುಳಿಯುತ್ತಾ ಬದಲಾಯಿಸಿದರೆ ಚೈನು ಕಳಚುತ್ತೆ, ಇಲ್ಲವೇ ತುಂಡಾಗುತ್ತೆ.

ಇಷ್ಟು ಓಡಿಸುವ ಮಾತು. ಇನ್ನು ನೋಡಿಕೊಳ್ಳುವ ಮಾತು. ಮನೆ ಬಿಡುವ ಮುಂಚೆ ಮೂರು ನೋಡಿ. ಗಾಳಿ, ಬ್ರೇಕು, ಚೈನು. ಎರಡು ನಿಮಿಷದ ಕೆಲಸ.

ಮೊದಲು ಗಾಳಿ. ಟೈರಿನ ಪಕ್ಕದಲ್ಲಿ ಅಂಕಿಗಳಿವೆ. ಅದನ್ನು ಓದಿ. ಕರೀ ಸೈಕಲ್ಲಿನ ಟೈರಿನ ಮೇಲೆ 28 × 1½ ಅಂತ ಇರುತ್ತೆ. ಗುಡ್ಡದ ಸೈಕಲ್ಲಿನ ಮೇಲೆ 26 × 1.95 ಅಂತಲೋ, ಇನ್ನೊಂದೋ ಇರುತ್ತೆ. ಮೊದಲ ಅಂಕಿ ಚಕ್ರದ ಎತ್ತರ. ಎರಡನೆಯದು ಟೈರಿನ ದಪ್ಪ. ಇದನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.

"ಅಣ್ಣ, ಒಂದು ಟ್ಯೂಬ್ ಕೊಡಿ."

"ಯಾವ ಸೈಜಮ್ಮ?"

"26, 1.95."

ಆಗ ಅಂಗಡಿಯವರು ಸರಿಯಾದದ್ದೇ ಕೊಡುತ್ತಾರೆ. ಎರಡನೇ ಸಲ ಪೇಟೆಗೆ ಹೋಗುವುದು ತಪ್ಪುತ್ತೆ.

ಇನ್ನೊಂದು ಅಂಕಿಯ ಪಕ್ಕ ಇಂಗ್ಲಿಷಿನಲ್ಲಿ ಪಿ, ಎಸ್, ಐ ಎಂಬ ಮೂರು ಅಕ್ಷರ ಇರುತ್ತೆ. ಅದು ಗಾಳಿಯ ಒತ್ತಡ. 40ರಿಂದ 65 ಅಂತ ಇದ್ದರೆ ಅದರೊಳಗೇ ಇರಬೇಕು. ಹಗುರ ಮೈಯವರಿಗೆ ಕಡಿಮೆ ಸಾಕು. ಕ್ಯಾರಿಯರ್ ಮೇಲೆ ಮೂಟೆ ಹಾಕಿದರೆ ಜಾಸ್ತಿ ಬೇಕು. ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಿಡಿಯುವಾಗ ಹುಷಾರು. ಅಲ್ಲಿನ ಗಾಳಿಗೆ ರಭಸ ಜಾಸ್ತಿ. ಸೈಕಲ್ ಟ್ಯೂಬು ಕ್ಷಣದಲ್ಲಿ ಒಡೆಯುತ್ತೆ. ಕೈಪಂಪೇ ಮೇಲು.

ಗಾಳಿ ಕಡಿಮೆ ಇದ್ದರೆ ಏನಾಗುತ್ತೆ? ಕಲ್ಲಿಗೆ ಹೊಡೆದಾಗ ಟೈರು ಅಪ್ಪಚ್ಚಿಯಾಗಿ, ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕುತ್ತೆ. ಅಕ್ಕಪಕ್ಕ ಎರಡು ತೂತು ಬೀಳುತ್ತೆ, ಹಾವು ಕಚ್ಚಿದ ಹಾಗೆ. ಎರಡು ತೂತು ಕಂಡರೆ ಮುಳ್ಳು ಹುಡುಕಬೇಡಿ. ತಪ್ಪು ಗಾಳಿಯದು.

ಒಂದೇ ತೂತು ಇದ್ದರೆ ಹೆಚ್ಚಾಗಿ ಜಾಲಿ ಮುಳ್ಳು. ಪಂಚರ್ ಹಾಕುವುದನ್ನು ಎಲ್ಲರೂ ಕಲಿಯಬೇಕು. ಟೈರನ್ನು ಚಪ್ಪಟೆ ಲಿವರ್‌ನಿಂದ ಎಬ್ಬಿಸಿ. ಸ್ಕ್ರೂಡ್ರೈವರ್ ಹಾಕಿದರೆ ಟ್ಯೂಬಿಗೆ ಇನ್ನೊಂದು ಗಾಯ. ಟ್ಯೂಬು ಹೊರತೆಗೆದು ಗಾಳಿ ತುಂಬಿ, ಬಕೆಟ್ ನೀರಿನಲ್ಲಿ ಅದ್ದಿ. ಗುಳ್ಳೆ ಬಂದ ಜಾಗಕ್ಕೆ ಗುರುತು ಹಾಕಿ. ಒಣಗಿಸಿ. ಉಪ್ಪುಕಾಗದದಿಂದ ಉಜ್ಜಿ. ತೆಳ್ಳಗೆ ಸಲ್ಯೂಷನ್ ಬಳಿಯಿರಿ. ಈಗ ತಡೆಯಿರಿ! ಅವಸರ ಮಾಡಿ ಹಸಿಯಲ್ಲೇ ಪ್ಯಾಚು ಅಂಟಿಸಿದರೆ ಅದು ನಿಲ್ಲೋದಿಲ್ಲ. ಹೊಳಪು ಹೋಗಿ, ಮುಟ್ಟಿದರೆ ಅಂಟು ಅಂಟು ಆಗುವವರೆಗೆ ಕಾಯಿರಿ. ಆಮೇಲೆ ಪ್ಯಾಚಿಟ್ಟು ಗಟ್ಟಿಯಾಗಿ ಒತ್ತಿ. ಟ್ಯೂಬು ವಾಪಸು ಹಾಕುವ ಮುಂಚೆ ಟೈರಿನ ಒಳಗೆ ಬಟ್ಟೆ ಸುತ್ತಿದ ಬೆರಳಾಡಿಸಿ. ಮುಳ್ಳು ಅಲ್ಲೇ ಕೂತಿರುತ್ತೆ. ಅದನ್ನು ಕೀಳದಿದ್ದರೆ ನೂರು ಹೆಜ್ಜೆಯಲ್ಲಿ ಮತ್ತೆ ಪಂಚರ್.

ತೂತೇ ಸಿಗಲಿಲ್ಲ, ಆದರೂ ಗಾಳಿ ಇಳಿಯುತ್ತೆ. ಹಾಗಾದರೆ ಗಾಳಿ ಹೊಡೆಯುವ ಬಾಯಿಗೆ ಸ್ವಲ್ಪ ಉಗುಳು ಹಚ್ಚಿ. ಗುಳ್ಳೆ ಎದ್ದರೆ ದೋಷ ಅಲ್ಲಿದೆ. ಹಳೇ ಸೈಕಲ್ಲಿನಲ್ಲಿ ಅಲ್ಲೊಂದು ಸಣ್ಣ ರಬ್ಬರ್ ಕೊಳವೆ ಇರುತ್ತೆ. ಅದು ಹರಿದಿರುತ್ತೆ. ಬದಲಾಯಿಸಿದರಾಯಿತು.

ಎರಡನೆಯದು ಬ್ರೇಕು. ಬ್ರೇಕು ಹಿಡಿದು ಸೈಕಲ್ಲನ್ನು ಮುಂದಕ್ಕೆ ತಳ್ಳಿ. ಚಕ್ರ ತಿರುಗಬಾರದು. ಹಿಡಿ ಹ್ಯಾಂಡಲ್ಲಿಗೆ ಬಂದು ತಾಗಿದರೆ ತಂತಿ ಸಡಿಲ ಆಗಿದೆ. ಬಿಗಿ ಮಾಡಿ. ಬ್ರೇಕ್ ರಬ್ಬರು ರಿಮ್ಮಿಗೆ ಮಾತ್ರ ತಾಗಬೇಕು. ಟೈರಿಗೆ ತಾಗಿದರೆ ಟೈರನ್ನೇ ಕೊಯ್ಯುತ್ತೆ. ರಬ್ಬರಿನ ಮೇಲಿರುವ ಗೀರು ಸವೆದುಹೋಗಿದ್ದರೆ ಹೊಸದು ಹಾಕಿಸಿ. ಇದರಲ್ಲಿ ಉಳಿತಾಯ ನೋಡಬೇಡಿ. ತಂತಿಯ ಒಂದು ಎಳೆ ಹರಿದು ಎದ್ದಿದ್ದರೂ ಆ ತಂತಿ ಅವತ್ತೇ ಬದಲಾಗಬೇಕು. ಉಳಿದ ಎಳೆ ಹರಿಯುವುದು ನೀವು ಗಟ್ಟಿಯಾಗಿ ಹಿಡಿದಾಗಲೇ, ಅಂದರೆ ಇಳಿಜಾರಿನಲ್ಲೇ. ಮಳೆಯಲ್ಲಿ ರಿಮ್ಮು ಒದ್ದೆಯಾದರೆ ಬ್ರೇಕು ತಡವಾಗಿ ಹಿಡಿಯುತ್ತೆ. ಆಗ ಬೇಗನೇ ಹಿಡಿಯಲು ಶುರು ಮಾಡಿ. ಡಿಸ್ಕ್ ಬ್ರೇಕು ಇದ್ದರೆ ಇಳಿದ ಕೂಡಲೆ ಆ ತಟ್ಟೆ ಮುಟ್ಟಬೇಡಿ. ಕೈ ಸುಡುತ್ತೆ.

ಮೂರನೆಯದು ಚೈನು. ಚೈನಿಗೆ ಎಣ್ಣೆ ಬೇಕು ಅಂತ ಎಲ್ಲರಿಗೂ ಗೊತ್ತು. ಅಡುಗೆ ಎಣ್ಣೆ ಬಿಡುವವರಿದ್ದಾರೆ. ಅದು ಅಂಟಾಗಿ ಧೂಳನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತೆ. ಟ್ರ್ಯಾಕ್ಟರಿನ ಹಳೇ ಎಣ್ಣೆಯೂ ಬೇಡ. ಅದರಲ್ಲಿ ಸವೆದ ಕಬ್ಬಿಣದ ಪುಡಿ ಇರುತ್ತೆ. ಹಳೇ ಬ್ರಷ್ಷಿಗೆ ಸೀಮೆಎಣ್ಣೆ ಹಚ್ಚಿ ಚೈನು ಉಜ್ಜಿ. ಸೀಮೆಎಣ್ಣೆ ಸಿಗದಿದ್ದರೆ ಸೋಪಿನ ನೀರು. ಬಟ್ಟೆಯಿಂದ ಒರೆಸಿ ಒಣಗಿಸಿ. ಒಂದೊಂದು ಗೆಣ್ಣಿಗೆ ಒಂದೊಂದೇ ತೊಟ್ಟು ಸೈಕಲ್ ಎಣ್ಣೆ ಬಿಡಿ. ಹೊಲಿಗೆ ಯಂತ್ರದ ಎಣ್ಣೆಯೂ ಆದೀತು, ಆದರೆ ಬೇಗ ಆರುತ್ತೆ. ಪೆಡಲನ್ನು ಹತ್ತು ಸುತ್ತು ಹಿಂದಕ್ಕೆ ತಿರುಗಿಸಿ. ಆಮೇಲೆ ಹೊರಗೆ ಉಳಿದ ಎಣ್ಣೆಯನ್ನು ಪೂರ್ತಿ ಒರೆಸಿ. ಎಣ್ಣೆ ಬೇಕಾದ್ದು ಗೆಣ್ಣಿನ ಒಳಗೆ. ಹೊರಗಿದ್ದರೆ ಅದು ಧೂಳಿಗೆ ಊಟ. ರಿಮ್ಮಿಗೆ, ಬ್ರೇಕಿಗೆ ಮಾತ್ರ ಒಂದು ಹನಿಯೂ ತಾಗಬಾರದು.

ಗೇರಿಲ್ಲದ ಸೈಕಲ್ಲಿನಲ್ಲಿ ಚೈನನ್ನು ಬೆರಳಿನಿಂದ ಎತ್ತಿ ನೋಡಿ. ಅರ್ಧ ಇಂಚಿನಷ್ಟು ಅಲ್ಲಾಡಬೇಕು. ಜೋತುಬಿದ್ದಿದ್ದರೆ ಹಿಂದಿನ ಚಕ್ರದ ನಟ್ಟು ಸಡಿಲಿಸಿ, ಚಕ್ರವನ್ನು ನೇರವಾಗಿ ಹಿಂದಕ್ಕೆ ಎಳೆದು ಮತ್ತೆ ಬಿಗಿ ಮಾಡಿ.

ದೂರ ಹೋಗುವಾಗ ಒಂದು ಸಣ್ಣ ಚೀಲ ಸೀಟಿನ ಕೆಳಗೆ ಕಟ್ಟಿ. ಅದರಲ್ಲಿ ಪ್ಯಾಚು, ಸಲ್ಯೂಷನ್, ಉಪ್ಪುಕಾಗದ, ಲಿವರ್, ಒಂದು ಸ್ಪಾನರ್, ಹಳೇ ಬಟ್ಟೆ. ಕೈಪಂಪನ್ನು ಬಾರಿಗೆ ಕಟ್ಟಬಹುದು.

ಕೆಲವು ಕೆಲಸ ಅಂಗಡಿಗೇ ಬಿಡಬೇಕು. ಚಕ್ರ ತಿರುಗಿಸಿದಾಗ ಆ ಕಡೆ ಈ ಕಡೆ ಒಲೆದರೆ ಕಡ್ಡಿಗಳು ಸಡಿಲವಾಗಿವೆ. ಅದನ್ನು ಸರಿ ಮಾಡಲು ಕೈ ಪಳಗಿರಬೇಕು. ಹ್ಯಾಂಡಲ್ ತಿರುಗಿಸಿದಾಗ ಕಟಕಟ ಅಂದರೆ ಒಳಗಿನ ಗುಂಡುಗಳನ್ನು ನೋಡಿಸಬೇಕು. ಸೈಕಲ್ಲು ಬಿಟ್ಟು ಬರಬೇಡಿ. ಪಕ್ಕದಲ್ಲೇ ನಿಂತು ನೋಡಿ, ಏನು ಬದಲಾಯಿಸಿದರು ಅಂತ ಕೇಳಿ. ಹಳೇ ಸಾಮಾನು ವಾಪಸು ಪಡೆಯಿರಿ. ದುಡ್ಡು ಕೊಡುವ ಮುಂಚೆ ಅಲ್ಲೇ ಒಂದು ಸುತ್ತು ಹೊಡೆದು, ಎರಡೂ ಬ್ರೇಕು ಹಿಡಿದು ನೋಡಿ.