ಬಯಲ ಬೇಟೆ

(ಬಾನುಲಿ ಭಾಷಣ)

ಇಂದಿನ ಹುಬ್ಬಳ್ಳಿ-ಧಾರವಾಡದ ತರುಣರಿಗೆ 'ಚಿಗರಿ' ಎಂದೊಡನೆ ನೆನಪಾಗುವುದು ೨೦೧೮ರಿಂದ ಅವಳಿನಗರಗಳ ನಡುವೆ ಓಡುತ್ತಿರುವ ಬಸ್ಸು. ಹೆಸರಿಟ್ಟವರ ರಸಿಕತೆಯನ್ನು ಮೆಚ್ಚಬೇಕು. ಆದರೆ ಆ ಬಸ್ಸಿನಲ್ಲಿ ದಿನವೂ ಓಡಾಡುವವರಲ್ಲಿ ನಿಜವಾದ ಚಿಗರಿಯನ್ನು ಕಂಡವರು ಎಷ್ಟು ಮಂದಿ? ಹಳಗನ್ನಡದ ಕವಿಗಳು ಪುಲ್ಲೆಯೆಂದೂ ಎರಳೆಯೆಂದೂ ಕರೆದ, ಸಂಸ್ಕೃತದವರು ಕೃಷ್ಣಸಾರವೆಂದು ಹೆಸರಿಸಿದ ಪ್ರಾಣಿ ಇದು. ಜಿಂಕೆಯೆಂದು ಕರೆಯುವುದು ಲೋಕರೂಢಿ. ಆದರೆ ಜಾತಿಯಿಂದ ಇದು ಜಿಂಕೆಯಲ್ಲ. ಜಿಂಕೆಯ ಕವಲುಗೊಂಬು ವರ್ಷಕ್ಕೊಮ್ಮೆ ಉದುರಿ ಮತ್ತೆ ಚಿಗುರುತ್ತದೆ. ಚಿಗರಿಯ ಕೊಂಬಿಗೆ ಕವಲಿಲ್ಲ. ತಿರುಚಿಕೊಂಡು ಮೇಲೇರಿ ಅದು ಬಾಳಿನುದ್ದಕ್ಕೂ ಉಳಿಯುತ್ತದೆ. ವಯಸ್ಸೇರಿದಂತೆ ಗಂಡು ಕಪ್ಪಾಗುತ್ತದೆ. ಹೆಣ್ಣು ಕೊನೆಯವರೆಗೂ ಕಂದು ಬಣ್ಣದ್ದೇ. ಕೃಷ್ಣಮೃಗವು ತಾನಾಗಿ ಸಂಚರಿಸುವ ಭೂಮಿಯೇ ಯಜ್ಞಕ್ಕೆ ಯೋಗ್ಯವಾದ ದೇಶವೆಂದು ಮನುಸ್ಮೃತಿ ಹೇಳುತ್ತದೆ.

ಇಂಥ ಪ್ರಾಣಿಯನ್ನು ನಮ್ಮ ಬಯಲುನಾಡಿನಲ್ಲಿ ಹೇಗೆ ಬೇಟೆಯಾಡುತ್ತಿದ್ದರು, ಆಡುತ್ತಿದ್ದವರು ಯಾರು, ಅವರ ಗತಿ ಏನಾಯಿತು ಎಂಬುದು ಇಂದಿನ ವಿಷಯ. ಬೇಟೆಯನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಆದರೆ ಒಂದು ವಿದ್ಯೆ ಶತಮಾನಗಳ ಕಾಲ ಬದುಕಿದ್ದರೆ ಅದರ ಒಳಗುಟ್ಟನ್ನು ತಿಳಿಯುವುದರಲ್ಲಿ ತಪ್ಪಿಲ್ಲ.

ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿಯಿಂದ ಪಶ್ಚಿಮಕ್ಕೆ ಹೊರಟರೆ ಸಹ್ಯಾದ್ರಿಯ ಮಡಿಲು. ಪೂರ್ವಕ್ಕೆ ಗೋಕಾಕ, ಮೂಡಲಗಿ ದಾಟಿ ಮುಧೋಳದ ಕಡೆಗೆ ನಡೆದರೆ ಕಣ್ಣು ಹಾಯುವಷ್ಟು ದೂರ ಬಯಲು. ಪಶ್ಚಿಮದ ಕಾಡು ಕಡವೆಗೆ, ಪೂರ್ವದ ಬಯಲು ಚಿಗರಿಗೆ. ಈ ಭೇದವೇ ಬೇಟೆಯ ಭೇದ. ಕಾಡಿನ ಮೃಗಕ್ಕೆ ಮೂಗು ಕಾವಲು. ಆದ್ದರಿಂದ ಕಾಡಿನ ಬೇಟೆಗಾರನು ಮೊದಲು ಗಾಳಿಯನ್ನು ನೋಡುತ್ತಾನೆ. ಬಯಲಿನ ಚಿಗರಿಗೆ ಕಣ್ಣು ಕಾವಲು. ಮರೆಯಾಗಲು ಗಿಡವಿಲ್ಲ, ಬಂಡೆಯಿಲ್ಲ. ಹಿಂಡಿನಲ್ಲಿ ಒಂದು ತಲೆಯೆತ್ತಿ ಕಂಡಿತೆಂದರೆ ಸಾಕು. ಅದು ನೆಗೆಯುತ್ತದೆ, ಅದರ ಹಿಂದೆ ಇನ್ನೊಂದು, ಮತ್ತೊಂದು, ಆಮೇಲೆ ಇಡೀ ಹಿಂಡೇ ಗಂಟೆಗೆ ಎಂಬತ್ತು ಕಿಲೋಮೀಟರಿನಷ್ಟು ವೇಗದಲ್ಲಿ ದಿಗಂತಕ್ಕೆ ಸರಿಯುತ್ತದೆ.

ಮರೆಯಿಲ್ಲದ ನೆಲದ ಬೇಟೆ ಬೇರೆ ದೇಶಗಳಲ್ಲಿಯೂ ಇದೆ. ಅಮೆರಿಕದ ಪಶ್ಚಿಮ ಪರ್ವತಗಳಲ್ಲಿ ಹೇಸರಗತ್ತೆಯಂಥ ದೊಡ್ಡ ಕಿವಿಗಳ ಒಂದು ಜಿಂಕೆಯುಂಟು. ಅದರ ದೊಡ್ಡ ಗಂಡುಗಳು ಬೇಸಗೆಯಲ್ಲಿ ಮರಗಳ ಎಲ್ಲೆಯನ್ನೂ ಮೀರಿ ಬೋಳು ನೆತ್ತಿಗಳನ್ನೇರಿ ಮೇಯುತ್ತವೆ. ಬೇಟೆಗಾರನು ನಸುಕಿನಲ್ಲಿಯೇ ಒಂದು ಎತ್ತರದಲ್ಲಿ ಕುಳಿತು ದುರ್ಬೀನಿನಿಂದ ಇಳಿಜಾರುಗಳನ್ನು ಗೇಣುಗೇಣಾಗಿ ಶೋಧಿಸುತ್ತಾನೆ. ಮೃಗವು ಎಲ್ಲಿ ಮಲಗಿತೆಂಬುದನ್ನು ಕಂಡ ಮೇಲೂ ಏಳುವುದಿಲ್ಲ. ಬೆಳಗಿನ ತಂಗಾಳಿ ಕಣಿವೆಗೆ ಇಳಿಯುತ್ತದೆ, ಬಿಸಿಲೇರಿದ ಮೇಲೆ ಗಾಳಿ ಮೇಲಕ್ಕೆ ತಿರುಗುತ್ತದೆ. ಅದು ತಿರುಗಿ ನೆಲೆಗೊಂಡ ಮೇಲೆಯೇ ಅವನು ಮೇಲಿನಿಂದ ಇಳಿದು ಸಮೀಪಿಸುವುದು. ಅಲ್ಲಿ ಕಣ್ಣು, ಮೂಗು ಎರಡನ್ನೂ ಗೆಲ್ಲಬೇಕು. ನಮ್ಮ ಬಯಲಿನಲ್ಲಿ ಏರಿ ಕುಳಿತುಕೊಳ್ಳಲು ಎತ್ತರವೂ ಇಲ್ಲ. ಹೀಗಾಗಿ ನಮ್ಮವರು ಕಂಡುಕೊಂಡದ್ದು ಬೇರೆಯೇ ಉಪಾಯ: ಅಡಗಿಕೊಳ್ಳುವುದಲ್ಲ, ಚಿಗರಿಗೆ ಪರಿಚಿತವಾದ ವಸ್ತುವಾಗಿ ಕಾಣಿಸಿಕೊಳ್ಳುವುದು. ಬಯಲ ಬೇಟೆಯ ಉಪಾಯಗಳಲ್ಲಿ ಬಹುಪಾಲು ಇದೊಂದರ ರೂಪಾಂತರಗಳೇ.

ಮೊದಲನೆಯದು ಎತ್ತು. ಉತ್ತರ ಕರ್ನಾಟಕದಲ್ಲಿ ಹರಣಶಿಕಾರಿಗಳೆಂದು ಹೆಸರಾದ ಜನರಿದ್ದಾರೆ. ಹರಣವೆಂದರೆ ಹರಿಣವೇ, ಹೆಸರೇ ಚಿಗರಿಯ ಬೇಟೆಗಾರರೆಂದು ಸಾರುತ್ತದೆ. ಫಾಸೆ ಪಾರ್ಧಿ, ಅಡವಿಚಿಂಚೇರ ಎಂಬುವು ಇದೇ ಸಮುದಾಯದ ಬೇರೆ ಹೆಸರುಗಳು. ಫಾಸೆಯೆಂದರೆ ಕುಣಿಕೆ. ಪಾರ್ಧಿಗಳು ಪಳಗಿಸಿದ ಎತ್ತನ್ನೋ ಆಕಳನ್ನೋ ಮುಂದೆ ಬಿಟ್ಟು ಅದರ ಮಗ್ಗುಲಿಗೆ ಮೈಯನ್ನು ಅಂಟಿಸಿಕೊಂಡು ನಡೆಯುತ್ತಿದ್ದರು. ಹಿಂಡಿನ ಕಡೆಗೆ ನೇರವಾಗಿ ನಡೆದರೆ ಕೆಲಸ ಕೆಟ್ಟಿತು. ಮೇಯುವ ದನ ಹೇಗೆ ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು ಹೆಜ್ಜೆ ಇಟ್ಟು ನಿಂತು ಬಾಯಾಡಿಸುತ್ತದೆಯೋ ಹಾಗೆಯೇ ನಡೆಯಬೇಕು. ಚಿಗರಿಗಳು ಸರಿಯುವ ದಾರಿಯನ್ನು ಊಹಿಸಿ, ಪ್ರಾಣಿಗಳ ನರದಿಂದ ಹೊಸೆದ ಕುಣಿಕೆಗಳನ್ನು ಗೂಟಗಳಿಗೆ ಕಟ್ಟಿ ಸಾಲಾಗಿ ಹೂಡಿ, ಬಳಿಕ ಹಿಂಡನ್ನು ಆ ಕಡೆಗೆ ಮೆಲ್ಲನೆ ಒತ್ತುತ್ತಿದ್ದರು. ಬೆದರಿದ ಹಿಂಡು ಯಾವ ದಿಕ್ಕಿಗೆ ಹಾರುವುದೋ ಹೇಳಲಾಗದು. ಬೆದರದ ಹಿಂಡು ತನ್ನ ರೂಢಿಯ ದಾರಿಯಲ್ಲಿಯೇ ನಡೆಯುತ್ತದೆ. ಬಂದೂಕಿಲ್ಲದ, ಕುದುರೆಯಿಲ್ಲದ ಬಡವನ ಬೇಟೆ ಇದು. ನನ್ನ ಎಣಿಕೆಯಲ್ಲಿ ಎಲ್ಲಕ್ಕಿಂತ ಹೆಚ್ಚಿನ ಬುದ್ಧಿಯೂ ತಾಳ್ಮೆಯೂ ಬೇಕಾದದ್ದು ಇದೇ.

ಎರಡನೆಯದಕ್ಕೆ ನಮ್ಮಲ್ಲಿ ಒಂದು ಸೊಗಸಾದ ಪದವಿದೆ: ದೀವ. ಇತರ ಮೃಗಗಳನ್ನು ಸೆಳೆಯಲೆಂದು ಪಳಗಿಸಿದ ಮೃಗವೇ ದೀವ. ಕ್ರಿ. ಶ. ೯೪೧ರಲ್ಲಿ ಪಂಪನು ಮುಗಿಸಿದ 'ವಿಕ್ರಮಾರ್ಜುನ ವಿಜಯ'ದ ಐದನೆಯ ಆಶ್ವಾಸದಲ್ಲಿ, ಖಾಂಡವದಹನಕ್ಕೆ ಮೊದಲು ಬರುವ ಬೇಟೆಯ ವರ್ಣನೆಯಲ್ಲಿ ದೀವದ ಬೇಟೆಯ ಪ್ರಸ್ತಾಪವಿದೆ. ತರಗತಿಯಲ್ಲಿ ಆ ಭಾಗವನ್ನು ಬೇಗನೆ ದಾಟಿ ಯುದ್ಧದ ಭಾಗಕ್ಕೆ ಹೋಗುವುದು ನಮ್ಮ ಅಧ್ಯಾಪಕರ ಹಳೆಯ ಚಾಳಿ. ಆದರೆ ಬೇಟೆಗಾರನ ಪರಿಭಾಷೆಯನ್ನು ಬಲ್ಲವನು ಮಾತ್ರ ಬರೆಯಬಹುದಾದ ವರ್ಣನೆ ಅದು. ದೀವದ ಕೆಲಸ ಹೀಗೆ: ಚಿಗರಿಯ ಗಂಡು ತನ್ನದೆಂದು ಒಂದು ನೆಲವನ್ನು ಕಾಯುತ್ತದೆ, ಇನ್ನೊಂದು ಗಂಡು ಬಂದರೆ ಕಾದಾಟಕ್ಕೆ ನಿಲ್ಲುತ್ತದೆ. ಕೊಂಬಿಗೆ ಕುಣಿಕೆ ಕಟ್ಟಿದ ಸಾಕುಗಂಡನ್ನು ಅದರೆದುರು ಬಿಟ್ಟರೆ ಕೊಂಬಿಗೆ ಕೊಂಬು ಬಿದ್ದು ಕಾಡಿನದು ಸಿಕ್ಕಿಕೊಳ್ಳುತ್ತದೆ. ಮೊಗಲರಿಗೂ ಇದು ಪ್ರಿಯವಾಗಿತ್ತು. ಜಹಾಂಗೀರನು ತನ್ನ ಮೆಚ್ಚಿನ ದೀವದ ಚಿಗರಿ ಸತ್ತಾಗ ಲಾಹೋರಿನ ಸಮೀಪದ ಶೇಖೂಪುರದಲ್ಲಿ ಅದರ ನೆನಪಿಗೆ ಒಂದು ಮಿನಾರನ್ನೇ ಕಟ್ಟಿಸಿದ. ತನ್ನ ಕುಲವನ್ನೇ ಹಿಡಿದುಕೊಟ್ಟ ಪ್ರಾಣಿಗೆ ಸಂದ ಗೌರವ ಅದು!

ಮೂರನೆಯದು ಚೀತಾ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಬೇಟೆಯು ರಾಜವಿನೋದಗಳಲ್ಲೊಂದು. ಭಾರತದಲ್ಲಿ ಚೀತಾವನ್ನು ಪಳಗಿಸಿ ಬೇಟೆಗೆ ಬಳಸಿದ್ದಕ್ಕೆ ಬಹಳ ಹಳೆಯ ಸಾಕ್ಷ್ಯವೆಂದು ವಿದ್ವಾಂಸರು ಈ ಗ್ರಂಥವನ್ನೇ ತೋರಿಸುತ್ತಾರೆ. ಆ ಪರಂಪರೆಯ ಕೊನೆಯ ಅಧ್ಯಾಯ ನಡೆದ ಸ್ಥಳಗಳಲ್ಲಿ ಒಂದು ನಮಗೆ ಹತ್ತಿರದ್ದೇ: ಕೊಲ್ಲಾಪುರ ಸಂಸ್ಥಾನ. ಚೀತಾದ ಕಣ್ಣಿಗೆ ಪಟ್ಟಿ ಕಟ್ಟಿ ಚಕ್ಕಡಿಯಲ್ಲಿ ಕುಳ್ಳಿರಿಸಿ ಹಿಂಡಿನ ಕಡೆಗೆ ಸಾಗುವುದು ಇದರ ಕ್ರಮ. ಚಕ್ಕಡಿಯೇ ಏಕೆಂದು ಕೇಳಬಹುದು. ಹೊಲಕ್ಕೆ ದಿನವೂ ಹೋಗಿಬರುವ ಚಕ್ಕಡಿಗೆ ಚಿಗರಿ ಹೆದರುವುದಿಲ್ಲ. ನೂರಿನ್ನೂರು ಗಜದವರೆಗೂ ಬಿಟ್ಟುಕೊಡುತ್ತದೆ. ಅಲ್ಲಿ ಪಟ್ಟಿ ಕಳಚುತ್ತಾರೆ. ಚೀತಾದ ಓಟ ಗಂಟೆಗೆ ನೂರು ಕಿಲೋಮೀಟರಿನಷ್ಟು ತೀವ್ರವಾದರೂ ಅದು ಕೆಲವು ನೂರು ಗಜಗಳ ಮಾತು. ಅಷ್ಟರಲ್ಲಿ ಸಿಕ್ಕದಿದ್ದರೆ ಮುನಿಸಿಕೊಂಡಂತೆ ಕುಳಿತುಬಿಡುತ್ತದೆ. ಸಿಕ್ಕರೆ ಗಂಟಲು ಹಿಡಿಯುತ್ತದೆ. ಪಾಲಕನು ಓಡಿ ಬಂದು, ಮರದ ಸೌಟಿನಲ್ಲಿ ರಕ್ತವನ್ನು ಕುಡಿಸಿ, ಹಿಡಿತ ಬಿಡಿಸಿ ಮತ್ತೆ ಪಟ್ಟಿ ಕಟ್ಟುತ್ತಾನೆ.

ಈ ವಿನೋದದಲ್ಲಿಯೇ ಚೀತಾದ ನಾಶದ ಬೀಜವೂ ಅಡಗಿತ್ತು. ಸೆರೆಯಲ್ಲಿ ಚೀತಾ ಮರಿ ಹಾಕುವುದು ತೀರ ಅಪರೂಪ; ಜಹಾಂಗೀರನ ಕಾಲದಲ್ಲಿ ಒಮ್ಮೆ ಮರಿ ಹಾಕಿದ್ದು ಚರಿತ್ರೆಯಲ್ಲಿ ದಾಖಲಾಗುವಷ್ಟು ದೊಡ್ಡ ಸುದ್ದಿಯಾಯಿತು. ತಾಯಿಯಿಂದ ಬೇಟೆ ಕಲಿಯದ ಮರಿಯನ್ನು ಸಾಕಿ ಪ್ರಯೋಜನವೂ ಇಲ್ಲ. ಹಾಗಾಗಿ ಪ್ರತಿಯೊಂದು ಚೀತಾವನ್ನೂ ಬೆಳೆದ ಮೇಲೆ ಕಾಡಿನಿಂದಲೇ ಹಿಡಿಯಬೇಕು. ಅದನ್ನು ಹಿಡಿದುಕೊಡುತ್ತಿದ್ದವರೂ ಪಾರ್ಧಿಗಳೇ. ಇಪ್ಪತ್ತನೆಯ ಶತಮಾನದ ಹೊತ್ತಿಗೆ ಹಿಡಿಯಲು ಚೀತಾಗಳೇ ಉಳಿಯದೆ ಕೊಲ್ಲಾಪುರ, ಭಾವನಗರಗಳ ದೊರೆಗಳು ಆಫ್ರಿಕಾದಿಂದ ತರಿಸಿಕೊಂಡರು. ೧೯೪೭ರಲ್ಲಿ ಮಧ್ಯಭಾರತದ ಕೊರಿಯಾ ಸಂಸ್ಥಾನದ ದೊರೆ ರಾತ್ರಿ ಸಂಚಾರದಲ್ಲಿ ಮೂರು ಚೀತಾಗಳನ್ನು ಹೊಡೆದ. ೧೯೫೨ರಲ್ಲಿ ಭಾರತದಲ್ಲಿ ಚೀತಾ ನಿರ್ನಾಮವಾಯಿತೆಂದು ಘೋಷಣೆಯಾಯಿತು.

ನಾಯಿಯ ಮಾತನ್ನು ಬಿಡುವಂತಿಲ್ಲ. ಮುಧೋಳ ನಮಗೆ ನೆರೆಯ ಊರು. ಮೈಯೆಲ್ಲ ಎಲುಬು, ಕಾಲೆಲ್ಲ ವೇಗ, ಮೂಗಿಗಿಂತ ಕಣ್ಣನ್ನೇ ನಂಬಿ ಓಡುವ ಈ ನಾಯಿ ಬಯಲಿಗೆ ಹೇಳಿಮಾಡಿಸಿದ್ದು. ಇಲ್ಲಿ ವಂಚನೆಯಿಲ್ಲ, ಓಟಕ್ಕೆ ಓಟ. ಮುಧೋಳದ ಘೋರ್ಪಡೆ ದೊರೆಗಳು ತಳಿಯನ್ನು ಪೋಷಿಸಿ ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟರು. ೨೦೦೫ರಲ್ಲಿ ಅಂಚೆ ಇಲಾಖೆ ಇದರ ಚಿತ್ರವುಳ್ಳ ಚೀಟಿಯನ್ನು ಹೊರತಂದಿತು. ಹಳ್ಳಿಗಳಲ್ಲಿ ಬೇಡರೂ ಕುರಿಗಾರರೂ ಅರಮನೆಯ ನೆರವಿಲ್ಲದೆಯೇ ಈ ನಾಯಿಯನ್ನು ಉಳಿಸಿಕೊಂಡು ಬಂದರೆಂಬುದು ಅಂಚೆಚೀಟಿಯ ಮೇಲೆ ಬರೆಯಲಾಗದ ಮಾತು.

ಇನ್ನು ಚಿಗರಿ ಬಯಲಿನಿಂದ ಕಣ್ಮರೆಯಾದದ್ದು ಹೇಗೆ? ಕುಣಿಕೆಯಿಂದಲೇ ಎನ್ನುವವರನ್ನು ನಾನು ಒಪ್ಪಲಾರೆ. ಸಾವಿರ ವರ್ಷ ಕುಣಿಕೆಯೂ ದೀವವೂ ಚೀತಾವೂ ಇದ್ದಾಗ ಚಿಗರಿಯ ಹಿಂಡುಗಳೂ ಇದ್ದವು. ದೂರದಿಂದ ಹೊಡೆಯುವ ಬಂದೂಕು ಬಂತು, ಆಮೇಲೆ ಜೀಪು. ಚಕ್ಕಡಿಗೆ ಹೆದರದ ಚಿಗರಿ ಮೊದಮೊದಲು ಜೀಪಿಗೂ ಹೆದರಲಿಲ್ಲ. ರಾತ್ರಿಯ ದೀಪದ ಬೆಳಕಿಗೆ ಕಣ್ಣು ಕೋರೈಸಿ ನಿಂತಲ್ಲೇ ನಿಂತಿತು. ಕಾವಲಿಗಿದ್ದ ಕಣ್ಣೇ ಅದಕ್ಕೆ ಮೃತ್ಯುವಾಯಿತು. ಜೊತೆಗೆ ಹುಲ್ಲುಗಾವಲಿಗೆ ನೇಗಿಲು ಬಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಧೂಪದಾಳದ ಒಡ್ಡು, ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಿಡಕಲ್ ಜಲಾಶಯ ಘಟಪ್ರಭೆಯ ನೀರನ್ನು ಹೊಲಗಳಿಗೆ ಹರಿಸಿದವು. ಹುಲ್ಲಿದ್ದಲ್ಲಿ ಕಬ್ಬು ನಿಂತಿತು. ರೈತನಿಗೆ ಅದು ಭಾಗ್ಯವೇ. ಆದರೆ ಆಳೆತ್ತರದ ಕಬ್ಬಿನಲ್ಲಿ, ದೂರ ನೋಡಿ ಬದುಕುವ ಪ್ರಾಣಿಗೆ ಎಡೆಯಿಲ್ಲ.

ಬೇಟೆಯನ್ನು ನಂಬಿದ ಮನುಷ್ಯರ ಪಾಡೂ ಹಗುರವಾಗಲಿಲ್ಲ. ೧೮೫೭ರ ಶಸ್ತ್ರ ಕಾಯಿದೆಯನ್ನು ಒಪ್ಪದೆ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಸಿಡಿದೆದ್ದ ಕಥೆ ಲಾವಣಿಗಳಲ್ಲಿ ಉಳಿದಿದೆ. ಹರಣಶಿಕಾರಿಗಳಿಗೆ ಆ ಕೀರ್ತಿಯೂ ದಕ್ಕಲಿಲ್ಲ. ಬ್ರಿಟಿಷರು ೧೮೭೧ರಲ್ಲಿ ಹುಟ್ಟಿನಿಂದಲೇ ಅಪರಾಧಿಗಳೆಂಬ ಬುಡಕಟ್ಟುಗಳ ಕಾಯಿದೆಯನ್ನು ಮಾಡಿದರು. ೧೯೧೧ರ ತಿದ್ದುಪಡಿಯ ನಂತರ ಅದು ಮುಂಬಯಿ ಇಲಾಖೆಗೂ ವ್ಯಾಪಿಸಿತು. ಅಲೆದು ಬದುಕುವವರನ್ನು ಹಾಜರಿ ಹಾಕಿಸಿ ತಂತಿಬೇಲಿಯ ವಸತಿಗಳಲ್ಲಿಟ್ಟರು. ಹುಬ್ಬಳ್ಳಿಯಲ್ಲಿಯೂ ಗದಗಿನಲ್ಲಿಯೂ 'ಸೆಟ್ಲಮೆಂಟ್' ಎಂಬ ಹೆಸರು ಇಂದಿಗೂ ನಿಂತಿದೆ. ೧೯೫೨ರಲ್ಲಿ ಆ ಕಾಯಿದೆ ರದ್ದಾಯಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಚಿಗರಿಯನ್ನು ಮೊದಲ ಅನುಸೂಚಿಯಲ್ಲಿರಿಸಿತು. ಇಂದು ಅದನ್ನು ಕೊಂದವನಿಗೆ ಮೂರರಿಂದ ಏಳು ವರ್ಷಗಳ ಸೆರೆಮನೆ. ಕಾಯಿದೆ ಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಚೀತಾ ಬಿಟ್ಟು ಬೇಟೆಯಾಡಿದ ದೊರೆಗೆ ಬೇಟೆ ವಿನೋದವಾಗಿತ್ತು. ಕೈಬಿಟ್ಟರೂ ಅವನ ಬದುಕಿಗೆ ಕೊರತೆಯಿರಲಿಲ್ಲ. ಕುಣಿಕೆ ಹೂಡಿದವನಿಗೆ ಅದು ಹೊಟ್ಟೆಯ ಪಾಡು. ಬೇಟೆ ನಿಂತಾಗ ಅವನಿಗೆ ಬದಲಿ ನೆಲವನ್ನೋ ಕಸುಬನ್ನೋ ಒದಗಿಸುವ ಹೊಣೆಯನ್ನು ಯಾರು ಹೊರಬೇಕಾಗಿತ್ತು? ಮನೆತನದ ಕಸುಬನ್ನು ಬಿಟ್ಟು ಎರಡು ತಲೆಮಾರು ಕಳೆದರೂ ಊರಿನಲ್ಲಿ ಕಳವಾದರೆ ಮೊದಲು ಈ ಜನರ ಮನೆಯ ಕದವೇ ಬಡಿಯಲ್ಪಡುವುದು, ಅದನ್ನು ನೋಡಿಯೂ ವಿದ್ಯಾವಂತರು ಸುಮ್ಮನಿರುವುದು, ನಾಡಿಗೆ ಶೋಭೆ ತರುವ ಸಂಗತಿಯಲ್ಲ.

ಚಿಗರಿ ಪೂರ್ತಿ ಅಳಿಯಲಿಲ್ಲ. ೧೯೭೪ರಲ್ಲಿ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಧಾಮವಾಯಿತು. ಮುಧೋಳ, ಬೀಳಗಿ ತಾಲೂಕುಗಳ ಯಡಹಳ್ಳಿಯಲ್ಲಿ ಅದರ ಸೋದರ ಸಂಬಂಧಿಯಾದ ಚಿಂಕಾರಕ್ಕೂ ಒಂದು ರಕ್ಷಿತ ನೆಲೆ ದೊರೆತಿದೆ. ಗದಗ, ಕೊಪ್ಪಳ ಜಿಲ್ಲೆಗಳ ಎರೆಬಯಲಿನಲ್ಲಿ, ಯಾವ ಧಾಮದ ಬೇಲಿಯೂ ಇಲ್ಲದೆ, ಹಿಂಡುಗಳು ಮತ್ತೆ ಹೆಚ್ಚಿವೆ. ಮುಂಗಾರಿನಲ್ಲಿ ಹೆಸರೂ ಗೋವಿನಜೋಳವೂ ಎರಡೆಲೆ ಬಿಡುವ ಹೊತ್ತಿಗೆ ಅವು ಹೊಲಕ್ಕಿಳಿಯುತ್ತವೆ. ರೈತರು ಡಬ್ಬಿ ಬಡಿದು, ಬಣ್ಣದ ಸೀರೆಗಳನ್ನು ಬದುವಿಗೆ ಕಟ್ಟಿ, ಬೆದರುಗೊಂಬೆ ನಿಲ್ಲಿಸಿ ಕಾಯುತ್ತಾರೆ. ಎರಡು ದಿನ ಚಿಗರಿಗಳು ದೂರ ನಿಂತು ನೋಡುತ್ತವೆ. ಮೂರನೆಯ ದಿನಕ್ಕೆ ಬೆದರುಗೊಂಬೆಯೂ ಅವಕ್ಕೆ ಎತ್ತು, ಚಕ್ಕಡಿಗಳ ಸಾಲಿಗೇ ಸೇರುತ್ತದೆ. ಅದರ ಬುಡದಲ್ಲಿಯೇ ಮೇಯತೊಡಗುತ್ತವೆ.