ಗಾಳಿಯನ್ನು ಸೋಸುವ ಎಣ್ಣೆಯ ವರ್ತಕರು

ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರೂದಿದರೆ ಅದು ಹಾಲಿನಂತೆ ಬೆಳ್ಳಗಾಗುವುದನ್ನು ನಮ್ಮ ವಾಚಕರು ಶಾಲೆಯಲ್ಲಿ ಕಂಡೇ ಇರುತ್ತಾರೆ. ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡು ಸುಣ್ಣದೊಡನೆ ಕೂಡಿ ಸುಣ್ಣಕಲ್ಲಿನ ಪುಡಿಯಾಗುತ್ತದೆ. ಆ ಸುಣ್ಣಕಲ್ಲನ್ನು ಗೂಡಿನಲ್ಲಿಟ್ಟು ಸುಟ್ಟರೆ ಸೆರೆಸಿಕ್ಕ ಅನಿಲವು ಮರಳಿ ಹೊರಬೀಳುತ್ತದೆ.

ಈ ಹಳೆಯ ರಸಾಯನ ಕ್ರಿಯೆಯನ್ನೇ ನೆಚ್ಚಿಕೊಂಡು ಅಮೆರಿಕದ ಆಕ್ಸಿಡೆಂಟಲ್ ಪೆಟ್ರೋಲಿಯಂ ಎಂಬ ತೈಲಸಂಸ್ಥೆಯು 2023ರಲ್ಲಿ ಕೆನಡಾದ ಕಾರ್ಬನ್ ಇಂಜಿನಿಯರಿಂಗ್ ಕಂಪನಿಯನ್ನು 110 ಕೋಟಿ ಡಾಲರುಗಳಿಗೆ ಕೊಂಡಿತು. ಟೆಕ್ಸಾಸಿನ ಎಕ್ಟರ್ ಕೌಂಟಿಯಲ್ಲಿ ಅದು ಕಟ್ಟಿದ ‘ಸ್ಟ್ರಾಟೋಸ್’ ಸ್ಥಾವರವನ್ನು ವರ್ಷಕ್ಕೆ 5 ಲಕ್ಷ ಟನ್ನು ಇಂಗಾಲದ ಡೈಆಕ್ಸೈಡನ್ನು ಗಾಳಿಯಿಂದ ಹಿಡಿಯುವಂತೆ ರೂಪಿಸಲಾಗಿದೆ. ದೊಡ್ಡ ಬೀಸಣಿಗೆಗಳು ಗಾಳಿಯನ್ನು ಸೆಳೆದು ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ದ್ರಾವಣಕ್ಕೆ ತಾಗಿಸುತ್ತವೆ; ದ್ರಾವಣವು ಹೀರಿದುದನ್ನು ಸುಣ್ಣವು ಕಸಿದುಕೊಂಡು ಹರಳುಗಟ್ಟುತ್ತದೆ; ಹರಳುಗಳನ್ನು ಸುಮಾರು 900 ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುಡಲಾಗುತ್ತದೆ. ಗಾಳಿಯ ಹತ್ತು ಸಾವಿರ ಪಾಲಿನಲ್ಲಿ ಈ ಅನಿಲವಿರುವುದು ನಾಲ್ಕು ಪಾಲಿಗೆ ತುಸು ಹೆಚ್ಚು ಮಾತ್ರ. ಆದ್ದರಿಂದ ಈ ಕೆಲಸಕ್ಕೆ ತಗಲುವ ಶಕ್ತಿಯೂ ಹಣವೂ ಅಪಾರ. ಎಣ್ಣೆ ಮಾರುವವನಿಗೆ ಇಂಥ ದುಬಾರಿ ಉಸಾಬರಿ ಏಕೆ ಬೇಕಾಯಿತು?

ಉತ್ತರವು ತೈಲಬಾವಿಯ ತಳದಲ್ಲಿದೆ. ಬಾವಿಯಿಂದ ಎಣ್ಣೆ ತಾನಾಗಿ ಚಿಮ್ಮುವುದು ನಿಂತು, ನೀರನ್ನು ಒತ್ತಿ ತೆಗೆದದ್ದೂ ಮುಗಿದ ಮೇಲೆ, ಅರ್ಧಕ್ಕಿಂತ ಹೆಚ್ಚು ಎಣ್ಣೆ ಬಂಡೆಯ ರಂಧ್ರಗಳಲ್ಲಿ ಅಂಟಿಕೊಂಡು ಉಳಿಯುವುದು ಸಾಮಾನ್ಯ. ಅಲ್ಲಿಗೆ ಇಂಗಾಲದ ಡೈಆಕ್ಸೈಡನ್ನು ಹೆಚ್ಚಿನ ಒತ್ತಡದಲ್ಲಿ ನುಗ್ಗಿಸಿದರೆ ಅದು ಎಣ್ಣೆಯಲ್ಲಿ ಕರಗುತ್ತದೆ. ಎಣ್ಣೆ ಉಬ್ಬಿ, ತೆಳುವಾಗಿ, ಹರಿದುಬರುತ್ತದೆ. ಟೆಕ್ಸಾಸಿನ ಸ್ಕರ್ರಿ ಕೌಂಟಿಯಲ್ಲಿ 1972ರಿಂದಲೇ ಇದು ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಇದಕ್ಕೆ ಬೇಕಾದ ಅನಿಲದ ಬಹುಭಾಗವನ್ನು ಕೊಲೊರಾಡೋ, ನ್ಯೂ ಮೆಕ್ಸಿಕೋಗಳ ಭೂಗರ್ಭದಿಂದ ತೆಗೆದು ಕೊಳವೆಗಳಲ್ಲಿ ತರುತ್ತಾರೆ. ನೆಲದೊಳಗೆ ಸುಮ್ಮನಿದ್ದುದನ್ನು ಎಬ್ಬಿಸಿ ತಂದು ಇನ್ನೊಂದೆಡೆ ನೆಲಕ್ಕೇ ತುರುಕುವ ಈ ವ್ಯಾಪಾರವನ್ನು ಕಂಡು ನಾವು ನಕ್ಕರೆ ತಪ್ಪಿಲ್ಲ. ಅಂತೂ ಕೊಳವೆ, ಬಾವಿ, ಭೂವಿಜ್ಞಾನಿ ಎಲ್ಲವೂ ತೈಲಸಂಸ್ಥೆಯ ಕೈಯಲ್ಲೇ ಇವೆ. ಅನಿಲಕ್ಕೆ ಗಿರಾಕಿಯೂ ತಾನೇ.

ಮೇಲಾಗಿ ಸರ್ಕಾರದ ಪ್ರೋತ್ಸಾಹವೂ ಉಂಟು. ಅಮೆರಿಕದಲ್ಲಿ 2008ರಲ್ಲಿ ಹುಟ್ಟಿದ ತೆರಿಗೆ ರಿಯಾಯಿತಿಯನ್ನು 2022ರ ಕಾನೂನು ಬಹಳವಾಗಿ ಏರಿಸಿತು. ಗಾಳಿಯಿಂದ ಹಿಡಿದುದನ್ನು ನೆಲದಾಳದಲ್ಲಿ ಹೂಳಿಟ್ಟರೆ ಟನ್ನಿಗೆ 180 ಡಾಲರು, ಎಣ್ಣೆ ತೆಗೆಯಲು ಬಳಸಿದರೆ 130 ಡಾಲರು ಎಂದಾಯಿತು. ಇನ್ನೊಂದು ಆದಾಯವೂ ಇದೆ: ತಮ್ಮ ಹೊಗೆಯ ಲೆಕ್ಕವನ್ನು ತಗ್ಗಿಸಿಕೊಳ್ಳಬಯಸುವ ಕಂಪನಿಗಳು, ಹೂಳಿಟ್ಟ ಟನ್ನುಗಳನ್ನು ಹಣ ಕೊಟ್ಟು ತಮ್ಮ ಹೆಸರಿಗೆ ಬರೆಸಿಕೊಳ್ಳುತ್ತವೆ. ಮೈಕ್ರೋಸಾಫ್ಟ್ ಸಂಸ್ಥೆಯು 2024ರಲ್ಲಿ ಆರು ವರ್ಷಗಳ ಅವಧಿಗೆ 5 ಲಕ್ಷ ಟನ್ನುಗಳನ್ನು ಹೀಗೆ ಕೊಳ್ಳಲು ಒಪ್ಪಿತು. ಆ ಟನ್ನುಗಳನ್ನು ಎಣ್ಣೆ ತೆಗೆಯಲು ಬಳಸಬಾರದು ಎಂಬ ಕರಾರಿನೊಂದಿಗೆ.

ಈ ಕರಾರು ಏಕೆಂದು ತಿಳಿಯಲು ಸಣ್ಣ ಲೆಕ್ಕವೊಂದು ಸಾಕು. ಬಾವಿಗೆ ಒಂದು ಟನ್ನು ಅನಿಲವನ್ನು ಇಳಿಸಿದರೆ ಸಾಮಾನ್ಯವಾಗಿ ಎರಡು ಮೂರು ಪೀಪಾಯಿ ಎಣ್ಣೆ ದೊರೆಯುತ್ತದೆ. ಒಂದು ಪೀಪಾಯಿ ಉರಿದಾಗ ಸುಮಾರು 0.43 ಟನ್ನು ಇಂಗಾಲದ ಡೈಆಕ್ಸೈಡು ಹುಟ್ಟುತ್ತದೆ. ಎರಡು ಪೀಪಾಯಿಯಾದರೆ 0.86 ಟನ್ನು, ಅಂದರೆ ಹೂಳಿದ್ದು ಬಹುಮಟ್ಟಿಗೆ ಮರಳಿತು. ಮೂರಾದರೆ 1.29 ಟನ್ನು, ಹೂಳಿದ್ದಕ್ಕಿಂತಲೂ ಹೆಚ್ಚು. ಆ ಎಣ್ಣೆ ಬೇರೆಡೆಯ ಎಣ್ಣೆಯ ಬದಲಿಗೆ ಉರಿಯುತ್ತದೆ ಎಂದು ಸಂಸ್ಥೆಗಳು ವಾದಿಸುತ್ತವೆ. ಮಾರುಕಟ್ಟೆಗೆ ಹೊಸ ಎಣ್ಣೆ ಬಂದಾಗ ಹಳೆಯದು ಅಷ್ಟೇ ಪ್ರಮಾಣದಲ್ಲಿ ಹಿಂದೆ ಸರಿಯುವುದೆಂದು ನಂಬಲು ನಮಗೆ ಕಾರಣ ಕಾಣುವುದಿಲ್ಲ.

ಲೋಕವು ಕಲ್ಲಿದ್ದಲು, ಎಣ್ಣೆ, ನೈಸರ್ಗಿಕ ಅನಿಲಗಳನ್ನು ಉರಿಸಿ ವರ್ಷಕ್ಕೆ ಸುಮಾರು 3,700 ಕೋಟಿ ಟನ್ನು ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತದೆ. ಸ್ಟ್ರಾಟೋಸ್ ತನ್ನ ಪೂರ್ಣಶಕ್ತಿಯಿಂದ ವರ್ಷವಿಡೀ ಹಿಡಿಯಬಲ್ಲದ್ದು ಅದರಲ್ಲಿ ಏಳು ನಿಮಿಷಗಳ ಪಾಲು. 2025ರ ಏಪ್ರಿಲಿನಲ್ಲಿ ಅದಕ್ಕೆ ಅನಿಲವನ್ನು ನೆಲದಾಳದಲ್ಲಿ ಹೂಳಿಡುವ ಪರವಾನಗಿ ದೊರೆಯಿತು. ಅದೇ ಜುಲೈಯಲ್ಲಿ ಬಂದ ಹೊಸ ಕಾನೂನು ಹೊಸ ಸ್ಥಾವರಗಳಿಗೆ ಹಳೆಯ 50 ಡಾಲರುಗಳ ಅಂತರವನ್ನು ತೆಗೆದುಹಾಕಿತು: ಸುಮ್ಮನೆ ಹೂಳಿದರೂ 180, ಎಣ್ಣೆ ತೆಗೆಯಲು ಬಳಸಿದರೂ 180, ಎರಡನೆಯದರಲ್ಲಿ ಪೀಪಾಯಿಗಳ ಬೆಲೆ ಬೇರೆ.